ಸ್ವಿಚ್ ಒತ್ತಿದರೆ ಒಂದು ದಿನ ಮಡಚುತ್ತದೆ, ಇನ್ನೊಂದು ದಿನ ಮೌನ: ಕಾರಿನ ಎಡಗನ್ನಡಿಯನ್ನು ಮನೆಯಲ್ಲೇ ಸರಿಪಡಿಸಬಹುದೇ?

ಆಲ್ದೂರು ತೋಟದವರು

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ ಎಂಟು ವರ್ಷ ಹಳೆಯದಾದ ಒಂದು ಸಣ್ಣ ಕಾರಿದೆ. ಚಾಲಕನ ಬಾಗಿಲಿನಲ್ಲಿರುವ ಸ್ವಿಚ್ ಒತ್ತಿದರೆ ಎರಡೂ ಪಕ್ಕದ ಕನ್ನಡಿಗಳು ಮಡಚಿಕೊಳ್ಳುತ್ತವೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತವೆ. ಬೀಗ ಹಾಕಿದ ಕೂಡಲೇ ತಾನಾಗಿ ಮಡಚಿಕೊಳ್ಳುವ ಸೌಕರ್ಯ ಇದರಲ್ಲಿಲ್ಲ.

ಪೇಟೆಯಲ್ಲಿರುವವರಿಗೆ ಇದೊಂದು ಶೋಕಿಯಾಗಿ ಕಾಣಬಹುದು, ಆದರೆ ತೋಟದ ರಸ್ತೆಯಲ್ಲಿ ಎದುರಿಗೆ ಜೀಪು ಬಂದಾಗ ಕಾರನ್ನು ಎಡಬದಿಯ ಬೇಲಿಗೆ ಒತ್ತಿ ನಿಲ್ಲಿಸಿ ಕನ್ನಡಿ ಮಡಚದೆ ಬೇರೆ ದಾರಿಯೇ ಇರುವುದಿಲ್ಲ. ರಜೆಯ ದಿನಗಳಲ್ಲಿ ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಕಾರು ಹತ್ತಿಸಿದವರಿಗೂ ಇದರ ಬೆಲೆ ಗೊತ್ತಿರುತ್ತದೆ. ಸಾಲದ್ದಕ್ಕೆ ನಮ್ಮ ಅಂಗಳದಲ್ಲಿ ಒಂದು ಪಿಕಳಾರ ಹಕ್ಕಿಯಿದೆ. ಕನ್ನಡಿಯಲ್ಲಿ ಕಾಣುವ ತನ್ನ ಬಿಂಬವನ್ನೇ ಎದುರಾಳಿಯೆಂದು ತಿಳಿದು ಬೆಳಗಿನಿಂದ ಕುಕ್ಕುತ್ತಾ, ಬಾಗಿಲಿನ ತುಂಬ ಹಿಕ್ಕೆ ಹಾಕುತ್ತದೆ. ಆದ್ದರಿಂದ ಕಾರು ನಿಂತಿತೆಂದರೆ ಕನ್ನಡಿ ಮಡಚಲೇಬೇಕು.

ಮೂರು ತಿಂಗಳಿಂದ ಎಡಗನ್ನಡಿ ತೊಂದರೆ ಕೊಡುತ್ತಿದೆ. ಬೆಳಿಗ್ಗೆ ಚಳಿಯಲ್ಲಿ ಸ್ವಿಚ್ ಒತ್ತಿದರೆ ಬಲಗನ್ನಡಿ ಮಾತ್ರ ಚಲಿಸುತ್ತದೆ. ಎಡಗಡೆಯಿಂದ ಒಂದು ಸದ್ದೂ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದೇ ಕನ್ನಡಿ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುವುದೂ ಉಂಟು. ಕೆಲವು ಸಲ ಇನ್ನೊಂದು ಬಗೆಯಾಗುತ್ತದೆ: ಒಳಗೆ ಮೋಟರು ಗರ್ರೆಂದು ತಿರುಗುತ್ತದೆ, ಕನ್ನಡಿ ಅಲುಗುವುದಿಲ್ಲ, ಕೊನೆಗೆ ಟಕ್ಕೆಂದು ಸದ್ದಾಗಿ ನಿಲ್ಲುತ್ತದೆ. ಗಾಜನ್ನು ಮೇಲೆ ಕೆಳಗೆ, ಆಚೆ ಈಚೆ ಹೊರಳಿಸುವ ಗುಂಡಿ ಮಾತ್ರ ಎಲ್ಲ ಹೊತ್ತಿನಲ್ಲೂ ಸರಿಯಾಗಿಯೇ ಇದೆ.

ಷೋರೂಮಿನಲ್ಲಿ ತೋರಿಸಿದಾಗ ಅವರು ಬಾಗಿಲನ್ನು ಬಿಚ್ಚಿಯೂ ನೋಡದೆ, ಇಡೀ ಕನ್ನಡಿಯನ್ನು ಬದಲಿಸಬೇಕೆಂದರು. ಬಣ್ಣ, ಕೂಲಿ ಎಲ್ಲ ಸೇರಿ ಹನ್ನೊಂದು ಸಾವಿರ ರೂಪಾಯಿಯ ಲೆಕ್ಕ ಕೊಟ್ಟರು. ನನಗೆ ಸೋಲ್ಡರಿಂಗ್ ಬರುತ್ತದೆ, ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನಾನೇ ರಿಪೇರಿ ಮಾಡಿಕೊಳ್ಳುತ್ತೇನೆ. ಆದರೆ ಕಾರಿನ ಬಾಗಿಲನ್ನು ಇದುವರೆಗೆ ಬಿಚ್ಚಿದವನಲ್ಲ. ಎಲ್ಲಿಂದ ಆರಂಭಿಸಬೇಕೆಂದು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಹಾಸನದ ಹಳೇ ವೈರಿಂಗ್

ತೋಟದವರೇ, ಹಾಸನದ ಬಿ.ಎಂ. ರಸ್ತೆಯಲ್ಲಿ ಇಪ್ಪತ್ತಾರು ವರ್ಷ ಆಟೋ ಎಲೆಕ್ಟ್ರಿಷಿಯನ್ ಆಗಿದ್ದು, ಈಗ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದೇನೆ. ನೀವು ಬರೆದಿರುವುದು ಒಂದು ದೂರಲ್ಲ, ಎರಡು. ಅವೆರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ಇಡೀ ಕನ್ನಡಿ ಬದಲಿಸಬೇಕೆಂಬ ಮಾತು ಹುಟ್ಟಿದೆ.

ಸದ್ದು ಬಂದು ಕನ್ನಡಿ ಅಲುಗದಿದ್ದರೆ ಗೇರಿನ ಕಡೆ ನೋಡಬೇಕು. ಸದ್ದೇ ಬಾರದಿದ್ದರೆ ಕರೆಂಟಿನ ಕಡೆ ನೋಡಬೇಕು.

ಮೊದಲು ಗರ್ರೆನ್ನುವ ಸದ್ದಿನ ವಿಚಾರ. ಮಡಚುವ ಭಾಗದಲ್ಲಿ 12 ವೋಲ್ಟಿನ ಒಂದು ಪುಟ್ಟ ಮೋಟರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಸ್ಕ್ರೂ ಆಕಾರದ ವರ್ಮ್ ಗೇರು, ಅದಕ್ಕೆ ಹಲ್ಲು ಕೊಟ್ಟು ನಿಂತ ಪ್ಲಾಸ್ಟಿಕ್ ಗೇರುಗಳು, ಮತ್ತು ಬುಡದಲ್ಲಿ ಬಲವಾದ ಸ್ಪ್ರಿಂಗು ಒತ್ತಿ ಹಿಡಿದಿರುವ ಒಂದು ಕ್ಲಚ್ ಬಿಲ್ಲೆ ಇರುತ್ತವೆ. ಯಾರಾದರೂ ಕನ್ನಡಿಗೆ ತಾಗಿದರೆ ಅದು ಮುರಿಯದೆ ಬಾಗಲಿ ಎಂಬುದಕ್ಕಾಗಿ ಆ ಬಿಲ್ಲೆ ತನ್ನ ಕಚ್ಚಿನಿಂದ ಜಾರುವಂತೆ ಮಾಡಿರುತ್ತಾರೆ. ಕನ್ನಡಿಯನ್ನು ಕೈಯಿಂದ ಮಡಚಿದಾಗಲೂ ಅದೇ ಆಗುತ್ತದೆ: ಕನ್ನಡಿ ಬಾಗಿದೆ, ಆದರೆ ಒಳಗಿನ ಗೇರು ಇನ್ನೂ ಬಿಚ್ಚಿದ ಸ್ಥಾನದಲ್ಲೇ ನಿಂತಿದೆ. ಆಮೇಲೆ ಸ್ವಿಚ್ ಒತ್ತಿದರೆ ಗೇರು ಮಾತ್ರ ತಿರುಗಿ, ಕನ್ನಡಿ ಇರುವ ಕಡೆಗೆ ಬಂದು, ಟಕ್ಕೆಂದು ಕಚ್ಚಿನೊಳಗೆ ಕೂರುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಆ ಎಡಗನ್ನಡಿಯನ್ನು ಕೈಯಿಂದ ಮಡಚುತ್ತಾರೆಯೇ? ಮಡಚುವುದಾದರೆ ಆ ಸದ್ದು ರೋಗವಲ್ಲ. ಸ್ವಿಚ್ಚಿನಿಂದ ಒಂದೆರಡು ಸಲ ಮಡಚಿ ಬಿಚ್ಚಿದರೆ ತಾನಾಗಿ ಸರಿಹೋಗಬೇಕು. ಎಷ್ಟು ಸಲ ಮಾಡಿದರೂ ಗರ್ರೆನ್ನುವುದು ನಿಲ್ಲದಿದ್ದರೆ ಮಾತ್ರ ಗೇರಿನ ಹಲ್ಲು ಸವೆದಿದೆಯೆಂದು ತಿಳಿಯಿರಿ.

ಇನ್ನು ಮೌನದ ವಿಚಾರ. ಬಲಗನ್ನಡಿ ಮಡಚುತ್ತಿರುವುದರಿಂದ ಫ್ಯೂಸು ಸುಟ್ಟಿಲ್ಲ, ಸ್ವಿಚ್ಚೂ ಬಹುಮಟ್ಟಿಗೆ ಸರಿಯಿದೆ. ಗಾಜು ಹೊರಳುತ್ತಿದೆ ಎಂಬುದರಿಂದ ಸಮಾಧಾನಪಡಬೇಡಿ, ಏಕೆಂದರೆ ಗಾಜಿನ ಎರಡು ಮೋಟರುಗಳಿಗೆ ಬೇರೆಯೇ ವೈರುಗಳಿರುತ್ತವೆ, ಮಡಚುವ ಮೋಟರಿಗೆ ಬೇರೆ ಎರಡು ಇರುತ್ತವೆ. ಆ ಎರಡರಲ್ಲೇ ಸ್ವಿಚ್ಚು ಪ್ಲಸ್ಸು ಮೈನಸ್ಸುಗಳನ್ನು ಅದಲುಬದಲು ಮಾಡಿ ಮೋಟರನ್ನು ಹಿಂದು ಮುಂದು ತಿರುಗಿಸುತ್ತದೆ. ಎಡಬಾಗಿಲಿನ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಹೊದಿಕೆ, ಬಿಚ್ಚಿ, ಕನ್ನಡಿಗೆ ಹೋಗುವ ಕನೆಕ್ಟರನ್ನು ಕಳಚಿ, ಬಾಗಿಲಿನ ಕಡೆಯಿಂದ ಬರುವ ಆ ಎರಡು ವೈರುಗಳ ನಡುವೆ ಪಾರ್ಕ್ ಲೈಟಿನ 5 ವ್ಯಾಟಿನ ಬಲ್ಬನ್ನು ಹಿಡಿಯಿರಿ. ಯಾವ ಎರಡು ಎಂದು ತಿಳಿಯದಿದ್ದರೆ, ಕೆಲಸ ಮಾಡುತ್ತಿರುವ ಬಲಗನ್ನಡಿಯ ಕನೆಕ್ಟರಿನಲ್ಲಿ ಮೊದಲು ಹುಡುಕಿ ಬಣ್ಣ ಗುರುತಿಟ್ಟುಕೊಳ್ಳಿ.

ಮಲ್ಟಿಮೀಟರ್ ಇದೆಯಲ್ಲ, ಬಲ್ಬೇಕೆ ಎಂದು ಕೇಳಬೇಡಿ. ವೈರಿನ ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಒಂದು ಎಳೆ ತಾಗಿಕೊಂಡಿದ್ದರೂ ಮೀಟರು ಸಂಭಾವಿತನ ಹಾಗೆ 12 ವೋಲ್ಟ್ ತೋರಿಸುತ್ತದೆ. ಬಲ್ಬು ಕರೆಂಟನ್ನು ಎಳೆಯುತ್ತದೆ, ಆದ್ದರಿಂದ ಅದು ಸುಳ್ಳು ಹೇಳುವುದು ಕಡಿಮೆ.

ಬಲ್ಬು ಚೆನ್ನಾಗಿ ಉರಿದರೆ ತೊಂದರೆ ಕನ್ನಡಿಯೊಳಗಿದೆ. ಉರಿಯದಿದ್ದರೆ ಬಾಗಿಲು ಮತ್ತು ಅದರ ಕೀಲು ಕೂತಿರುವ ಕಾರಿನ ಕಂಬದ ನಡುವೆ ವೈರುಗಳನ್ನು ಹೊದ್ದಿರುವ, ಸುಕ್ಕುಸುಕ್ಕಾದ ರಬ್ಬರ್ ಬೂಟಿನೊಳಗೆ ವೈರು ತುಂಡಾಗಿರುವ ಸಾಧ್ಯತೆ ಹೆಚ್ಚು. ಸ್ವಿಚ್ ಒತ್ತಿಟ್ಟುಕೊಂಡು ಎಡಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಿ ನೋಡಿ.

ಸಕಲೇಶಪುರದಿಂದ

ಹಿರಿಯರು ಗೇರಿನ ಮಾತನ್ನು ಬೇಗ ಮುಗಿಸಿದ್ದರಿಂದ ನನ್ನ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಶಿರಾಡಿ ಘಾಟಿಯಲ್ಲಿ ಬಸ್ಸೊಂದು ತಾಗಿದ ಮೇಲೆ ನನ್ನ ಕಾರಿನ ಬಲಗನ್ನಡಿ ಗರ್ರೆನ್ನತೊಡಗಿತು. ಎಷ್ಟು ಸಲ ಸ್ವಿಚ್ ಒತ್ತಿದರೂ ನಿಲ್ಲಲಿಲ್ಲ. ಒಂದು ಭಾನುವಾರ ಅದನ್ನು ಬಿಚ್ಚಿದೆ.

ಗಾಜನ್ನು ಮೊದಲು ಒಳಅಂಚು ಒಳಕ್ಕೆ ಹೋಗುವಂತೆ ಪೂರ್ತಿ ಹೊರಳಿಸಿ, ಹೊರಅಂಚಿನ ಹಿಂದೆ ಬೆರಳು ತೂರಿಸಿ ಸಮನಾಗಿ ಎಳೆದರೆ ಕ್ಲಿಪ್ಪುಗಳಿಂದ ಕಳಚಿಕೊಳ್ಳುತ್ತದೆ. ಚಳಿಯಲ್ಲಿ ಈ ಕೆಲಸ ಮಾಡಬೇಡಿ. ಪ್ಲಾಸ್ಟಿಕ್ ಗಡುಸಾಗಿ ಕ್ಲಿಪ್ಪು ಮುರಿಯುತ್ತದೆ. ಕಾರನ್ನು ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ ಆಮೇಲೆ ಕೈ ಹಾಕಿ. ಗಾಜಿನ ಹಿಂದೆ ಹೀಟರಿನ ವೈರುಗಳಿದ್ದರೆ ಅವನ್ನು ಎಳೆಯದೆ ಕಳಚಿಕೊಳ್ಳಬೇಕು. ಬಣ್ಣದ ಮುಚ್ಚಳವೂ ಕೊಕ್ಕೆಗಳ ಮೇಲೆಯೇ ನಿಂತಿರುತ್ತದೆ. ಅದು ಹೋದ ಮೇಲೆ ನಕ್ಷತ್ರದ ತಲೆಯ ಮೂರು ಸ್ಕ್ರೂಗಳು ಕಾಣುತ್ತವೆ, ಅವನ್ನು ಬಿಚ್ಚಿದರೆ ಮಡಚುವ ಮೋಟರಿನ ಡಬ್ಬಿ ಕೈಗೆ ಬರುತ್ತದೆ.

ನಾನು ಪೆಟ್ಟು ತಿಂದದ್ದು ಅಲ್ಲಿಂದ ಮುಂದೆ. ಬುಡದ ಸ್ಪ್ರಿಂಗನ್ನು ಒಂದು ಬಳೆಯಂತಹ ಲಾಕು ಹಿಡಿದಿರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದ್ದೇ ತಡ, ಸ್ಪ್ರಿಂಗು ಹಾರಿ ಜಗಲಿಯ ಹೆಂಚಿಗೆ ಬಡಿಯಿತು. ನನ್ನ ಮುಖ ಒಂದು ಗೇಣು ಆಚೆಗಿತ್ತು, ಅಷ್ಟೇ. ಮಾಡುವವರು ಸ್ಪ್ರಿಂಗನ್ನು ಕ್ಲಾಂಪಿನಿಂದ ಒತ್ತಿ ಹಿಡಿದು, ಮೇಲೆ ದಪ್ಪ ಬಟ್ಟೆ ಹೊದಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಬೇಕು.

ಒಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬಿಳಿಯ ಗೇರಿತ್ತು. ಅದರ ಎರಡು ಹಲ್ಲುಗಳು ಬುಡದವರೆಗೆ ಹೋಗಿದ್ದವು, ಮೂರನೆಯದು ಓರೆಯಾಗಿತ್ತು. ಹಳೆಯ ಗ್ರೀಸು ಒಣಗಿ, ಕೆಂಪು ಧೂಳಿನೊಂದಿಗೆ ಸೇರಿ, ತಣಿದ ಜೋನಿಬೆಲ್ಲದ ಹಾಗೆ ಗೋಡೆಗೆ ಹತ್ತಿಕೊಂಡಿತ್ತು. ನಾನು ಎಪಾಕ್ಸಿ ಅಂಟಿನಿಂದ ಹಲ್ಲು ಕಟ್ಟಿ, ಸೂಜಿ ಅರದಿಂದ ತಿದ್ದಿ ಕೂರಿಸಿದೆ. ಹನ್ನೊಂದು ದಿನ ಬಂತು. ಹಾಗಾಗಿ ಅಂಟಿನ ದಾರಿಯನ್ನು ಯಾರೂ ಹಿಡಿಯಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕೊನೆಗೆ ಮಡಚುವ ಮೋಟರಿನ ಡಬ್ಬಿಯೊಂದನ್ನೇ ಬಿಡಿಯಾಗಿ ತರಿಸಿ ಹಾಕಿದೆ. ನಮ್ಮದೇ ಗಾಜು, ನಮ್ಮದೇ ಬಣ್ಣದ ಮುಚ್ಚಳ ಉಳಿದುಕೊಂಡಿತು. ಇಡೀ ಕನ್ನಡಿಗೆ ಕೊಡಬೇಕಾಗಿದ್ದ ಹಣದ ಕಾಲುಭಾಗದಲ್ಲಿ ಕೆಲಸ ಮುಗಿಯಿತು.

ಗ್ರೀಸು ಹಾಕುವುದಾದರೆ ಪ್ಲಾಸ್ಟಿಕ್ಕಿಗೆ ಒಗ್ಗುವ ಸಿಲಿಕೋನ್ ಗ್ರೀಸನ್ನೇ ಹಾಕಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ಸಂದಿಯಿಂದ ಹೊಡೆಯುವ ಅಭ್ಯಾಸ ಬಹಳ ಜನರಿಗಿದೆ. ಅದು ಇದ್ದ ಗ್ರೀಸನ್ನೂ ತೊಳೆದುಬಿಡುತ್ತದೆ.

ಬೇಲೂರು ರಸ್ತೆ

ಇಷ್ಟೆಲ್ಲ ಯಾಕೆ ಬೇಕು ಎಂಬುದು ನನ್ನ ಪ್ರಶ್ನೆ. ನಾಲ್ಕು ವರ್ಷದ ಹಿಂದೆ ನನ್ನ ಕಾರಿನಲ್ಲಿ ಇದೇ ತೊಂದರೆ ಬಂದಾಗ ಮಡಚುವ ವೈರನ್ನು ಕಳಚಿ ಟೇಪು ಸುತ್ತಿಟ್ಟೆ. ಅಂದಿನಿಂದ ಕೈಯಲ್ಲೇ ಮಡಚುತ್ತೇನೆ, ಯಾವ ತೊಂದರೆಯೂ ಇಲ್ಲ. ಬಿಡಿಭಾಗವೇ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯದು ಹುಡುಕಬಹುದು. ಹಳೆಯದನ್ನು ಕೊಳ್ಳುವವರು ಕನೆಕ್ಟರಿನ ಪಿನ್ನುಗಳನ್ನು ಎಣಿಸಿಕೊಂಡು ಹೋಗಬೇಕು. ಹೊರಗಿನಿಂದ ಒಂದೇ ರೀತಿ ಕಾಣುವ ಕನ್ನಡಿಗಳಲ್ಲಿ ಇಂಡಿಕೇಟರ್ ಇರುವುದು, ಇಲ್ಲದಿರುವುದು ಎಂಬ ವ್ಯತ್ಯಾಸವಿರುತ್ತದೆ.

ಆಲ್ದೂರು ತೋಟದವರು

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಬೇಲೂರು ರಸ್ತೆಯವರ ಮಾತು ತಪ್ಪೆಂದಲ್ಲ, ಆದರೆ ಚಾಲಕನ ಸೀಟಿನಿಂದ ಎಡಗನ್ನಡಿಗೆ ನನ್ನ ಕೈ ಎಟುಕುವುದಿಲ್ಲ. ಒಬ್ಬನೇ ಇದ್ದಾಗ ಜೀಪಿಗೆ ದಾರಿ ಬಿಡಬೇಕಾದರೆ ಇಳಿದು ಸುತ್ತಿ ಬರಬೇಕಾಗುತ್ತದೆ.

ಹಿರಿಯರ ಊಹೆ ಸರಿ. ನಮ್ಮ ತಂದೆಯವರು ಪಿಕಳಾರದ ಕಾಟಕ್ಕೆ ದಿನವೂ ಕನ್ನಡಿಯನ್ನು ಕೈಯಿಂದಲೇ ಮಡಚುತ್ತಿದ್ದರಂತೆ. ಕೇಳಿದಾಗ ಗೊತ್ತಾಯಿತು. ಒಂದು ವಾರ ಅವರು ಮುಟ್ಟದಿದ್ದುದರಿಂದ ಗರ್ರೆನ್ನುವುದು ಪೂರ್ತಿ ನಿಂತಿದೆ.

ಮೌನ ಮಾತ್ರ ಹಾಗೆಯೇ ಇದೆ. ಎಡಬಾಗಿಲಿನ ಡೋರ್ ಪ್ಯಾಡ್ ಬಿಚ್ಚಿದೆ. ಹಿಡಿಯ ಒಳಗೊಂದು, ಕೆಳಗೆರಡು ಸ್ಕ್ರೂಗಳಿದ್ದವು, ಉಳಿದದ್ದೆಲ್ಲ ಕ್ಲಿಪ್ಪು. ಅವುಗಳಲ್ಲಿ ಎರಡನ್ನು ಮುರಿದೆ. ಬೆಳಿಗ್ಗೆ ಏಳು ಗಂಟೆಗೆ ಬಲ್ಬು ಹಿಡಿದು ನೋಡಿದಾಗ ಅದು ಉರಿಯಲಿಲ್ಲ. ಮಧ್ಯಾಹ್ನ ಒಮ್ಮೆ ಮಂಕಾಗಿ ಉರಿದು ಆರಿತು. ಸಂಜೆ ಪ್ರಖರವಾಗಿ ಉರಿಯಿತು. ಆದರೆ ಎಡಬಾಗಿಲನ್ನು ಎಷ್ಟು ಆಡಿಸಿದರೂ ಬಲ್ಬಿನಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಬೂಟನ್ನು ಸರಿಸಿ ಪ್ರತಿಯೊಂದು ವೈರನ್ನೂ ಬೆರಳಿನಿಂದ ತಡವಿ ನೋಡಿದೆ, ಎಲ್ಲವೂ ಹೊಸದರಂತಿವೆ. ಎಡಬಾಗಿಲನ್ನು ನಮ್ಮ ಮನೆಯಲ್ಲಿ ತೆರೆಯುವುದೇ ಅಪರೂಪ. ಇಲ್ಲಿಂದ ಮುಂದೆ ನನಗೆ ದಾರಿ ತೋರುತ್ತಿಲ್ಲ.

ಮೂಡಿಗೆರೆ ಮೇಷ್ಟ್ರು

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು, ಮೆಕ್ಯಾನಿಕ್ ಅಲ್ಲ. ಆದರೂ ನಿಮ್ಮ ಕೊನೆಯ ಮಾತನ್ನು ಓದಿದಾಗ ಒಂದು ಅನುಮಾನ ಬಂತು. ಎಡಗನ್ನಡಿಯ ವೈರು ಎಲ್ಲಿಂದ ಹೊರಡುತ್ತದೆ ಎಂದು ಯೋಚಿಸಿ. ಸ್ವಿಚ್ಚಿರುವುದು ಚಾಲಕನ ಬಾಗಿಲಿನಲ್ಲಿ. ಅಲ್ಲಿಂದ ಹೊರಟ ವೈರು ಬಲಬಾಗಿಲಿನ ರಬ್ಬರ್ ಬೂಟನ್ನು ದಾಟಿ, ಡ್ಯಾಶ್‌ಬೋರ್ಡಿನ ಕೆಳಗೆ ಹಾದು, ಎಡಬಾಗಿಲಿನ ಬೂಟನ್ನು ದಾಟಿ ಎಡಗನ್ನಡಿಗೆ ತಲುಪಬೇಕು. ಬಲಗನ್ನಡಿಯ ವೈರಾದರೋ ಆ ಬಾಗಿಲಿನೊಳಗೇ ಕವಲೊಡೆದಿದ್ದರೆ ಹೊರಗೆ ಬರುವ ಅಗತ್ಯವೇ ಇಲ್ಲ. ಎಲ್ಲ ಕಾರುಗಳಲ್ಲೂ ಹೀಗೆಯೇ ಎಂದು ಹೇಳಲಾರೆ, ಆದರೆ ನಿಮ್ಮ ಕಾರಿನಲ್ಲಿ ಬಲಗನ್ನಡಿ ಸರಿಯಾಗಿದ್ದು ಎಡಗನ್ನಡಿ ಮಾತ್ರ ಸತ್ತಿರುವುದಕ್ಕೆ ಇದು ಹೊಂದುತ್ತದೆ.

ಎಂಟು ವರ್ಷದಲ್ಲಿ ಚಾಲಕನ ಬಾಗಿಲನ್ನು ಎಷ್ಟು ಸಲ ತೆರೆದು ಮುಚ್ಚಿರಬಹುದು? ದಿನಕ್ಕೆ ಎಂಟು ಸಲವೆಂದರೂ ಇಪ್ಪತ್ತಮೂರು ಸಾವಿರ ದಾಟುತ್ತದೆ. ಪ್ರತಿ ಸಲವೂ ಆ ವೈರುಗಳು ಒಂದೇ ಜಾಗದಲ್ಲಿ ಬಾಗುತ್ತವೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುವುದನ್ನು ಮಕ್ಕಳೂ ಬಲ್ಲರು. ಬೆಳಗಿನ ಚಳಿಯಲ್ಲಿ ಹೊದಿಕೆ ಬಿಗಿದುಕೊಂಡಾಗ ತುಂಡಾದ ತುದಿಗಳು ದೂರವಾಗಿ, ಬಿಸಿಲೇರಿದಾಗ ಮತ್ತೆ ತಾಗುತ್ತಿರಬಹುದು ಎಂಬುದು ನನ್ನ ಊಹೆ. ಎಡಗಡೆ ಬಲ್ಬನ್ನು ಹಾಗೆಯೇ ಇಟ್ಟು, ಯಾರನ್ನಾದರೂ ಅದನ್ನು ನೋಡಲು ನಿಲ್ಲಿಸಿ, ಬಲಬಾಗಿಲನ್ನು ಆಡಿಸಿ ನೋಡಿ.

ಹಾಸನದ ಹಳೇ ವೈರಿಂಗ್

ಮೇಷ್ಟ್ರು ಹೇಳಿದ್ದು ನ್ಯಾಯವಾಗಿದೆ. ನಾನೇ ಮೊದಲು ಹೇಳಬೇಕಾಗಿದ್ದ ಮಾತದು. ಎಡಗನ್ನಡಿ ಎಂದ ಕೂಡಲೇ ಎಡಬಾಗಿಲಿಗೆ ಕೈ ಹಾಕಿಸಿದೆ.

ತುಂಡಾದ ವೈರು ಸಿಕ್ಕಿದರೆ ಜೋಡಿಸುವ ಕ್ರಮವನ್ನು ಈಗಲೇ ಬರೆದಿಡುತ್ತೇನೆ. ಮೊದಲು ಬ್ಯಾಟರಿಯ ಮೈನಸ್ ಕಳಚಿ ಕೆಲವು ನಿಮಿಷ ಬಿಡಿ. ಹಳದಿ ಹೊದಿಕೆ ಅಥವಾ ಹಳದಿ ಕನೆಕ್ಟರ್ ಇರುವ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು, ಅವುಗಳ ತಂಟೆಗೆ ಹೋಗಬಾರದು. ಬೂಟಿನ ಎರಡೂ ತುದಿಗಳನ್ನು ಲೋಹದ ತೂತಿನಿಂದ ಬಿಡಿಸಿ ಹಿಂದಕ್ಕೆ ಸರಿಸಿ, ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿ. ಒಳಗೆ ತಾಮ್ರ ತುಂಡಾಗಿರುವ ವೈರು ಹೊರಗೆ ಚೆನ್ನಾಗಿ ಕಂಡರೂ ಎಳೆದಾಗ ರಬ್ಬರಿನಂತೆ ಉದ್ದವಾಗುತ್ತದೆ.

ಅದನ್ನು ಅಲ್ಲಿಯೇ ತುದಿಗೆ ತುದಿ ಸೇರಿಸಿ ಬೆಸುಗೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಬೆಸುಗೆ ಹಾಕಿದ ಜಾಗ ಕಡ್ಡಿಯಂತೆ ಬಿರುಸಾಗುವುದರಿಂದ ಬಾಗುವ ಜಾಗದಲ್ಲಿ ಅದು ಇದ್ದರೆ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಬೂಟಿನೊಳಗಿನ ಹಳೆಯ ತುಂಡನ್ನು ಪೂರ್ತಿ ತೆಗೆದುಹಾಕಿ, ಸಣ್ಣ ಎಳೆಗಳು ಹೆಚ್ಚಿರುವ ಮೆತ್ತನೆಯ ತಾಮ್ರದ ವೈರನ್ನು ತುಸು ಸಡಿಲ ಬಿಟ್ಟು ಹಾಕಿ. ಒಂದು ಜೋಡಣೆ ಬಾಗಿಲಿನ ಒಳಗೆ, ಇನ್ನೊಂದು ಕಂಬದ ಒಳಗೆ ಬರಲಿ. ಎರಡು ಮೂರು ವೈರುಗಳಿದ್ದರೆ ಜೋಡಣೆಗಳು ಒಂದೇ ಸಾಲಿನಲ್ಲಿ ಬಾರದಂತೆ ಹಿಂದು ಮುಂದು ಮಾಡಿ. ಮೇಲೆ, ಒಳಮೈಗೆ ಅಂಟು ಬಳಿದಿರುವ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬರಿಯ ಇನ್ಸುಲೇಷನ್ ಟೇಪು ನಿಮ್ಮ ಕಡೆಯ ಮಳೆಗಾಲಕ್ಕೆ ನಿಲ್ಲುವುದಿಲ್ಲ, ಎರಡನೆಯ ಆಷಾಢಕ್ಕೆ ಬಿಚ್ಚಿಕೊಂಡು ಅಂಟಂಟಾಗುತ್ತದೆ.

ಆಲ್ದೂರು ತೋಟದವರು

ಕೆಲಸ ಮುಗಿಯಿತು. ನಡೆದದ್ದನ್ನು ಬರೆಯುತ್ತೇನೆ.

ಎಡಗಡೆ ಬಲ್ಬಿನ ಮುಂದೆ ಮಗಳನ್ನು ಕೂರಿಸಿ ಬಲಬಾಗಿಲನ್ನು ನಿಧಾನವಾಗಿ ತೆರೆದೆ. ಅರ್ಧ ತೆರೆಯುವಷ್ಟರಲ್ಲಿ "ಬಂತು, ಹೋಯ್ತು, ಬಂತು" ಎಂದು ಕೂಗಿದಳು. ಅಲ್ಲಿಗೆ ಮೇಷ್ಟ್ರ ಲೆಕ್ಕ ನಿಜವಾಯಿತು.

ಬೂಟು ಸರಿಸಿದಾಗ ಹೊರನೋಟಕ್ಕೆ ಏನೂ ಕಾಣಲಿಲ್ಲ. ಕಂದು ಬಣ್ಣದ ಒಂದು ವೈರನ್ನು ಎಳೆದಾಗ ಅದು ಲಂಗದ ಎಲಾಸ್ಟಿಕ್ಕಿನ ಹಾಗೆ ಹಿಗ್ಗಿತು. ಕತ್ತರಿಸಿ ನೋಡಿದರೆ ಒಳಗಿನ ತಾಮ್ರ ಮುರಿದು, ತುದಿಗಳು ಹಸಿರು ಕಿಲುಬು ಹಿಡಿದು ಪುಡಿಯಾಗಿದ್ದವು. ಬೂಟಿನ ಕೆಳಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕೊಂದು ಇತ್ತು, ನೀರು ಅಲ್ಲಿಂದಲೇ ಇಳಿದಿರಬೇಕು. ಅದರ ಪಕ್ಕದ ಇನ್ನೊಂದು ವೈರಿನ ಹೊದಿಕೆಯೂ ಸೀಳಿತ್ತು, ತಾಮ್ರ ಮಾತ್ರ ಇನ್ನೂ ಉಳಿದುಕೊಂಡಿತ್ತು. ಅದು ಕಿಟಕಿಯ ಗಾಜಿಗೆ ಹೋಗುವ ವೈರು. ಎರಡನ್ನೂ ಬದಲಿಸಿದೆ.

ಹಿರಿಯರು ಹೇಳಿದಂತೆ ಜೋಡಣೆಗಳನ್ನು ಬಾಗುವ ಜಾಗದಿಂದ ಆಚೆ ಈಚೆ ಇಟ್ಟೆ. ಕಂಬದ ಒಳಗೆ ಕೈ ಹೋಗುವಷ್ಟು ಜಾಗವಿಲ್ಲದ್ದರಿಂದ ಕಾಲ ಬಳಿಯ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಬೇಕಾಯಿತು. ಇಡೀ ಕೆಲಸದಲ್ಲಿ ಬೆವರು ಇಳಿಸಿದ್ದು ಅದೊಂದೇ. ಬಿರುಕು ಬಿಟ್ಟ ಬೂಟಿಗೆ ಸದ್ಯಕ್ಕೆ ರಬ್ಬರ್ ಅಂಟು ಹಚ್ಚಿದ್ದೇನೆ. ಮಧ್ಯಾಹ್ನ ಎರಡಕ್ಕೆ ಕುಳಿತವನು ಏಳುವಾಗ ದೀಪ ಹಚ್ಚುವ ಹೊತ್ತಾಗಿತ್ತು. ವೈರು, ಸ್ಲೀವ್, ಮುರಿದ ಎರಡು ಕ್ಲಿಪ್ಪು, ಎಲ್ಲ ಸೇರಿ ಇನ್ನೂರು ರೂಪಾಯಿಯೂ ಆಗಲಿಲ್ಲ. ಕನ್ನಡಿಯ ಡಬ್ಬಿಯನ್ನು ಬಿಚ್ಚಲೇ ಇಲ್ಲ, ಆದ್ದರಿಂದ ಸಕಲೇಶಪುರದವರ ಸ್ಪ್ರಿಂಗಿನ ದರ್ಶನ ನನಗಾಗಲಿಲ್ಲ.

ಇಂದು ಬೆಳಿಗ್ಗೆ ಆರೂವರೆಗೆ, ಮಂಜು ಇನ್ನೂ ಕರಗದಿರುವಾಗ, ಸ್ವಿಚ್ ಒತ್ತಿದೆ. ಎರಡೂ ಕನ್ನಡಿಗಳು ಒಟ್ಟಿಗೆ ಮಡಚಿಕೊಂಡವು. ಪಿಕಳಾರ ಈಗ ಹಿಂಬದಿಯ ಕಿಟಕಿಯ ಗಾಜನ್ನು ಕುಕ್ಕುತ್ತಿದೆ.

ಒಂದು ಚಿಕ್ಕ ಪ್ರಶ್ನೆ ಉಳಿದಿದೆ. ಬ್ಯಾಟರಿ ಮತ್ತೆ ಜೋಡಿಸಿದ ಮೇಲೆ ಚಾಲಕನ ಕಿಟಕಿಯ ಗಾಜು ಒಂದೇ ಒತ್ತಿಗೆ ಪೂರ್ತಿ ಮೇಲೇರುತ್ತಿಲ್ಲ. ಇದೂ ನನ್ನ ಕೈಕೆಲಸದ ಫಲವೇ?

ಹಾಸನದ ಹಳೇ ವೈರಿಂಗ್

ಅಲ್ಲ. ಬ್ಯಾಟರಿ ತೆಗೆದಾಗ ಗಾಜಿನ ಮೇಲಿನ ಮತ್ತು ಕೆಳಗಿನ ಮಿತಿಯನ್ನು ಕಿಟಕಿಯ ಕಂಟ್ರೋಲರು ಮರೆತುಬಿಡುತ್ತದೆ. ಗಾಜನ್ನು ಪೂರ್ತಿ ಇಳಿಸಿ, ಗುಂಡಿಯನ್ನು ಎತ್ತಿಹಿಡಿದೇ ಪೂರ್ತಿ ಮೇಲೇರಿಸಿ, ಮುಚ್ಚಿದ ಮೇಲೂ ಕೆಲವು ಸೆಕೆಂಡು ಗುಂಡಿ ಬಿಡದೆ ಹಿಡಿದುಕೊಳ್ಳಿ. ಬಹುತೇಕ ಕಾರುಗಳಲ್ಲಿ ಅಷ್ಟು ಸಾಕು. ಆಗದಿದ್ದರೆ ನಿಮ್ಮ ಕಾರಿನ ಕೈಪಿಡಿಯಲ್ಲಿ ಅದರ ಕ್ರಮವನ್ನು ಬರೆದಿರುತ್ತಾರೆ. ಮತ್ತು ಆ ಬಿರುಕುಬಿಟ್ಟ ಬೂಟನ್ನು ಮಳೆ ಹಿಡಿಯುವ ಮೊದಲು ಬದಲಿಸಿಬಿಡಿ, ಅಂಟು ಹೆಚ್ಚು ದಿನ ಬಾರದು.